ಕಡೆಯ ಮಾತಿನ ಮೇಲೆ ಮತ್ತೊಂದು ಮಾತು

ವ್ಯಾಜ್ಯಕ್ಕೆ ಎಲ್ಲಿಯಾದರೂ ಒಂದು ಕೊನೆ ಇರಬೇಕೆಂಬುದು ಬಹು ಹಳೆಯ ತಿಳಿವಳಿಕೆ. ಕೆಳಗಿನ ನ್ಯಾಯಾಲಯದಲ್ಲಿ ಸೋತವನು ಮೇಲಿನದಕ್ಕೆ ಹೋಗುತ್ತಾನೆ. ಅಲ್ಲಿಯೂ ಸೋತರೆ ಅದಕ್ಕೂ ಮೇಲಿನದಕ್ಕೆ. ಈ ಮೆಟ್ಟಿಲುಗಳು ಎಲ್ಲಿಯೋ ಒಂದೆಡೆ ಮುಗಿಯಲೇಬೇಕು. 1949ರವರೆಗೆ ನಮ್ಮ ದೇಶದ ಬಹುಭಾಗದ ವ್ಯಾಜ್ಯಗಳಿಗೆ ಆ ಕೊನೆಯ ಮೆಟ್ಟಿಲು ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿತ್ತು. 1950ರ ಜನವರಿಯಲ್ಲಿ ದೆಹಲಿಯ ಸುಪ್ರೀಂ ಕೋರ್ಟು ಆ ಸ್ಥಾನದಲ್ಲಿ ಕುಳಿತಿತು. ಅದು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆಂದು ಸಂವಿಧಾನದ 141ನೆಯ ಅನುಚ್ಛೇದ ಹೇಳುತ್ತದೆ. ಎಲ್ಲ ನ್ಯಾಯಾಲಯಗಳನ್ನೂ ಎಂದರೆ ಆ ಕೋರ್ಟನ್ನೂ ಸೇರಿಸಿಯೇ? ತನ್ನ ಕಡೆಯ ಮಾತು ತಪ್ಪಾಗಿತ್ತೆಂದು ತನಗೇ ತೋರಿದರೆ ಅದು ಏನು ಮಾಡಬೇಕು?

ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2024ನೆಯ ಇಸವಿಯೊಂದರಲ್ಲಿಯೇ ಸುಪ್ರೀಂ ಕೋರ್ಟಿನ ದೊಡ್ಡ ಪೀಠಗಳು ಅದೇ ಕೋರ್ಟಿನ ಹಳೆಯ ತೀರ್ಪುಗಳನ್ನು ಒಂದರ ಮೇಲೊಂದರಂತೆ ತಳ್ಳಿಹಾಕಿದವು. ಅವುಗಳಲ್ಲಿ ಒಂದು 1967ರದು, ಒಂದು 1982ರದು, ಎರಡು 1989ರವು, ಒಂದು 1998ರದು, ಒಂದು 2004ರದು. ಇವನ್ನೆಲ್ಲ ನಂಬಿ ಶಾಸನಗಳು ಬಿದ್ದಿದ್ದವು, ತೆರಿಗೆಗಳು ನಿಂತಿದ್ದವು, ಮನುಷ್ಯರ ಬಾಳು ಒಂದು ದಾರಿಗೆ ಹತ್ತಿತ್ತು.

ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1898ರಲ್ಲಿ ಈ ಪ್ರಶ್ನೆಗೆ ಕಟುವಾದ ಉತ್ತರ ಕೊಟ್ಟಿತ್ತು. ತನ್ನ ತೀರ್ಪು ತನ್ನನ್ನೂ ಕಟ್ಟುತ್ತದೆ. ಅದು ತಪ್ಪೆನಿಸಿದರೆ ಪಾರ್ಲಿಮೆಂಟು ಶಾಸನ ಮಾಡಿ ಸರಿಪಡಿಸಲಿ ಎಂಬುದು ಅದರ ನಿಲುವು. ಆ ನಿಯಮವನ್ನು ಅದು ಸಡಿಲಿಸಿದ್ದು 1966ರಲ್ಲಿ. ನಮ್ಮ ಕೋರ್ಟು ಅಷ್ಟು ಕಾಲ ಕಾಯಲಿಲ್ಲ. ಹುಟ್ಟಿದ ಐದನೆಯ ವರ್ಷದಲ್ಲಿ, 1955ರ ಬೆಂಗಾಲ್ ಇಮ್ಯುನಿಟಿ ಕಂಪನಿಯ ಪ್ರಕರಣದಲ್ಲಿ, ತನ್ನ ಹಿಂದಿನ ತೀರ್ಪಿನಿಂದ ತಾನು ಸರಿಯಬಲ್ಲೆನೆಂದು ಅದು ಹೇಳಿತು. ಇದರ ಹಿಂದೆ ವಿವೇಕವಿದೆ. ಸಾಮಾನ್ಯ ಶಾಸನವನ್ನು ಕೋರ್ಟು ತಪ್ಪಾಗಿ ಅರ್ಥೈಸಿದರೆ ಶಾಸನಸಭೆ ಮುಂದಿನ ಅಧಿವೇಶನದಲ್ಲಿಯೇ ಅದನ್ನು ತಿದ್ದಬಹುದು. ಸಂವಿಧಾನದ ತಿದ್ದುಪಡಿ ಅಷ್ಟು ಸುಲಭವಲ್ಲ.

ಆದರೆ ಸರಿಯುವುದಕ್ಕೂ ಒಂದು ಕ್ರಮವುಂಟು. ಇಬ್ಬರು ನ್ಯಾಯಮೂರ್ತಿಗಳ ಮಾತನ್ನು ಮೂವರು, ಮೂವರ ಮಾತನ್ನು ಐವರು, ಐವರ ಮಾತನ್ನು ಏಳು ಜನ ಮಾತ್ರ ಅಳಿಸಬಲ್ಲರು. ಚಿಕ್ಕ ಪೀಠಕ್ಕೆ ಹಳೆಯ ತೀರ್ಪು ಒಪ್ಪಿಗೆಯಾಗದಿದ್ದರೆ ಅದು ತನ್ನ ಸಂಶಯವನ್ನು ಬರೆದು ಪ್ರಕರಣವನ್ನು ಮೇಲಕ್ಕೆ ಕಳುಹಿಸಬೇಕು. ಏಳು ಅಥವಾ ಒಂಬತ್ತು ಜನ ತಮ್ಮ ದೈನಂದಿನ ಪ್ರಕರಣಗಳನ್ನು ಬಿಟ್ಟು ಒಟ್ಟಿಗೆ ಕೂರುವ ಮುಹೂರ್ತ ಒದಗುವವರೆಗೆ ಅದು ಅಲ್ಲಿ ಕಾದಿರುತ್ತದೆ. ಈ ಕಾಯುವಿಕೆಯ ವಿಚಾರಕ್ಕೆ ಮುಂದೆ ಬರುತ್ತೇನೆ.

ಕೆಲವು ತಿದ್ದುಪಡಿಗಳನ್ನು ಕೇಳಿದೊಡನೆ ಮನಸ್ಸು ಒಪ್ಪಿಬಿಡುತ್ತದೆ. ಲೋಕಸಭೆಯಲ್ಲಿ ಮತ ಹಾಕಲು ಲಂಚ ಪಡೆದರೆಂಬ ಆಪಾದನೆ ಹೊತ್ತ ಸದಸ್ಯರಿಗೆ 1998ರಲ್ಲಿ ಕೋರ್ಟು ಮೂರಕ್ಕೆ ಎರಡರ ಬಹುಮತದಿಂದ ರಕ್ಷಣೆ ಕೊಟ್ಟಿತ್ತು. ಅದರ ಫಲ ವಿಚಿತ್ರವಾಗಿತ್ತು: ಲಂಚ ಪಡೆದು ಕೊಟ್ಟ ಮಾತಿನಂತೆ ಮತ ಹಾಕಿದವನಿಗೆ ರಕ್ಷಣೆ, ಪಡೆದೂ ಮತ ಹಾಕದೆ ಉಳಿದವನ ಮೇಲೆ ಮೊಕದ್ದಮೆ. ಲಂಚದಲ್ಲಿಯೂ ಪ್ರಾಮಾಣಿಕತೆಗೆ ಬಹುಮಾನವಿದ್ದಂತೆ! 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳು ಏಕಕಂಠದಿಂದ ಇದನ್ನು ತೆಗೆದುಹಾಕಿದರು.

ಇನ್ನೊಂದು ಪ್ರಕರಣದ ಬೇರು ನಮ್ಮ ರಾಜ್ಯದಲ್ಲಿದೆ. ಖಾಸಗಿ ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ಬಸ್ಸುಗಳನ್ನು ಸರ್ಕಾರ ವಶಪಡಿಸಿಕೊಳ್ಳುವುದಕ್ಕೆ ಕರ್ನಾಟಕ 1976ರಲ್ಲಿ ಶಾಸನ ಮಾಡಿತು. ರಂಗನಾಥ ರೆಡ್ಡಿಯವರ ಪ್ರಕರಣವೆಂದು ಹೆಸರಾದ ವ್ಯಾಜ್ಯದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಆ ಶಾಸನವನ್ನು ಎತ್ತಿಹಿಡಿಯಿತು. ಏಳು ಜನರಲ್ಲಿ ಮೂವರ ಪರವಾಗಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದು, ಖಾಸಗಿ ಸ್ವತ್ತೂ ಸಮುದಾಯದ ಭೌತಿಕ ಸಂಪನ್ಮೂಲವೇ ಎಂದರು. ಉಳಿದ ನಾಲ್ವರು ಆ ಮಾತಿಗೆ ತಮ್ಮ ಸಮ್ಮತಿಯಿಲ್ಲವೆಂದು ಸ್ಪಷ್ಟಪಡಿಸಿದ್ದರು. ಆದರೂ 1982ರಲ್ಲಿ ಐವರ ಪೀಠವೊಂದು ಅಲ್ಪಮತದ ಆ ಮಾತನ್ನೇ ಕಾನೂನೆಂಬಂತೆ ಅನುಸರಿಸಿತು. 2024ರ ನವೆಂಬರ್ 5ರಂದು ಒಂಬತ್ತು ಜನರ ಪೀಠ ಇದು ಸರಿಯಲ್ಲವೆಂದಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಕೃಷ್ಣ ಅಯ್ಯರರ ವಿಚಾರವನ್ನು ಕುರಿತು ಬಳಸಿದ ಮಾತು ಸ್ವಲ್ಪ ಬಿರುಸಾಯಿತು. ಪೀಠದಲ್ಲಿದ್ದ ನಮ್ಮ ರಾಜ್ಯದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಅದನ್ನು ಒಪ್ಪಲಿಲ್ಲ. ಹಿಂದಿನವರು ಯಾವ ಕಾಲದಲ್ಲಿ ಕುಳಿತು ಬರೆದರೆಂಬುದನ್ನು ಮರೆತು ಅವರನ್ನು ಆಕ್ಷೇಪಿಸುವುದು ತರವಲ್ಲವೆಂಬ ಭಾವದಲ್ಲಿ ಬರೆದರು. ತೀರ್ಪನ್ನು ತಿದ್ದುವುದು ಬೇರೆ, ತೀರ್ಪುಗಾರನನ್ನು ತಿದ್ದಲು ಹೋಗುವುದು ಬೇರೆ. ಈ ವಿಷಯದಲ್ಲಿ ನನ್ನ ಮನಸ್ಸು ನಾಗರತ್ನ ಅವರ ಕಡೆಗಿದೆ.

ಸಾಹಿತ್ಯಾಸಕ್ತರಿಗೆ ವಿಶೇಷವಾಗಿ ರುಚಿಸಬಹುದಾದದ್ದು ಗಣಿಗಳ ಪ್ರಕರಣ. ಅದಿರು ತೆಗೆಯುವವರು ಕೊಡುವ ರಾಜಧನ ಒಂದು ತೆರಿಗೆಯೇ ಎಂಬುದು ಪ್ರಶ್ನೆ. ತೆರಿಗೆಯೇ ಹೌದೆಂದು 1989ರ ಇಂಡಿಯಾ ಸಿಮೆಂಟ್ ತೀರ್ಪಿನಲ್ಲಿ ಏಳು ಜನರ ಪೀಠದ ವಾಕ್ಯವೊಂದಿತ್ತು. ಅದರಿಂದಾಗಿ, ರಾಜ್ಯಗಳು ರಾಜಧನದ ಆಧಾರದ ಮೇಲೆ ವಿಧಿಸುತ್ತಿದ್ದ ಕರಗಳು ನಿಂತುಹೋದವು. 2004ರಲ್ಲಿ ಐವರ ಪೀಠವೊಂದು ಆ ವಾಕ್ಯವನ್ನು ಮತ್ತೆ ಮತ್ತೆ ಓದಿ ಒಂದು ತೀರ್ಮಾನಕ್ಕೆ ಬಂದಿತು. ಅಲ್ಲಿ ಇರಬೇಕಾದದ್ದು ‘ರಾಜಧನದ ಮೇಲಿನ ಉಪಕರವು ತೆರಿಗೆ’ ಎಂದು. ಬೆರಳಚ್ಚಿನ ದೋಷದಿಂದಲೋ ಗಮನ ತಪ್ಪಿಯೋ ಪದಗಳು ಬಿಟ್ಟುಹೋಗಿ ‘ರಾಜಧನವು ತೆರಿಗೆ’ ಎಂದಾಗಿದೆ! ನಮ್ಮ ಗ್ರಂಥಸಂಪಾದಕರು ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರನ ದೋಷವನ್ನು ಹುಡುಕುವ ರೀತಿ ಇದೇ. ಆದರೆ ಐವರು ಏಳು ಜನರ ಪಾಠವನ್ನು ತಿದ್ದಬಹುದೇ? ಆ ಗೊಂದಲ 2011ರಲ್ಲಿ ಒಂಬತ್ತು ಜನರ ಪೀಠದ ಕಡೆಗೆ ಹೊರಟು, 2024ರ ಜುಲೈ 25ರಂದು ಮುಗಿಯಿತು. ರಾಜಧನ ತೆರಿಗೆಯಲ್ಲ, ಖನಿಜವಿರುವ ಭೂಮಿಯ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗುಂಟು ಎಂದು ಎಂಟು ಜನ ಹೇಳಿದರು. ನಾಗರತ್ನ ಅವರೊಬ್ಬರು ಭಿನ್ನಮತ ಬರೆದರು.

ಇದಾದ ಒಂದೇ ವಾರಕ್ಕೆ, ಆಗಸ್ಟ್ 1ರಂದು, ಬಂದದ್ದು ಒಳಮೀಸಲಾತಿಯ ತೀರ್ಪು. ನನ್ನ ದೃಷ್ಟಿಯಲ್ಲಿ ಆ ವರ್ಷದ ತೀರ್ಪುಗಳಲ್ಲೆಲ್ಲ ಹೆಚ್ಚು ತೂಕದ್ದು ಇದು.

ಪರಿಶಿಷ್ಟ ಜಾತಿಗಳ ಪಟ್ಟಿಯನ್ನು 341ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ಪ್ರಕಟಿಸುತ್ತಾರೆ. ಅದಕ್ಕೆ ಒಂದು ಜಾತಿಯನ್ನು ಸೇರಿಸುವ ಅಥವಾ ಅದರಿಂದ ಬಿಡುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ. ಪಟ್ಟಿಯಲ್ಲಿ ಹಲವು ಜಾತಿಗಳಿವೆ. ಆದರೆ ಸ್ಥಾನಗಳು ಎಲ್ಲರ ಮನೆಯನ್ನೂ ಸಮನಾಗಿ ಮುಟ್ಟಲಿಲ್ಲ. ಒಂದೆರಡು ತಲೆಮಾರು ಮೊದಲೇ ಶಾಲೆಯ ಮೆಟ್ಟಿಲು ಹತ್ತಿದ ಸಮುದಾಯಗಳು ಮುಂದೆ ಹೋದವು. ಚರ್ಮದ ಕೆಲಸ, ಜಾಡಮಾಲಿಯ ಕೆಲಸಗಳಲ್ಲಿಯೇ ಉಳಿದವರಿಗೆ ಪಾಲು ಹೆಸರಿಗೆ ಮಾತ್ರ ಇತ್ತು. ಆಂಧ್ರಪ್ರದೇಶದಲ್ಲಿ ಮಾದಿಗ ಸಮುದಾಯ 1994ರಿಂದ ದಂಡೋರದ ಚಳವಳಿ ನಡೆಸಿತು. ಅದರ ಫಲವಾಗಿ ಅಲ್ಲಿಯ ಶಾಸನಸಭೆ 2000ದಲ್ಲಿ ಶೇಕಡಾ 15ರ ಮೀಸಲನ್ನು ನಾಲ್ಕು ಗುಂಪುಗಳಿಗೆ 1, 7, 6, 1 ಎಂದು ಹಂಚಿತು. 2004ರ ನವೆಂಬರ್ 5ರಂದು ಸುಪ್ರೀಂ ಕೋರ್ಟು, ಇ. ವಿ. ಚಿನ್ನಯ್ಯನವರ ಪ್ರಕರಣದಲ್ಲಿ, ಆ ಶಾಸನವನ್ನು ರದ್ದುಮಾಡಿತು. ಆ ಪೀಠದ ಹಿರಿಯ ನ್ಯಾಯಮೂರ್ತಿ ನಮ್ಮವರೇ ಆದ ಎನ್. ಸಂತೋಷ ಹೆಗ್ಡೆ. ಅವರ ತರ್ಕ ಹೀಗೆ: ರಾಷ್ಟ್ರಪತಿಗಳ ಪಟ್ಟಿಯಲ್ಲಿ ಸೇರಿದವರೆಲ್ಲ ಒಂದೇ ವರ್ಗ, ಅದನ್ನು ಒಳಗೆ ಸೀಳುವುದೆಂದರೆ ಪಟ್ಟಿಯನ್ನೇ ತಿದ್ದಿದಂತೆ. ಈ ತರ್ಕ ಅಗ್ಗದ್ದಲ್ಲ. ರಾಜ್ಯದ ರಾಜಕಾರಣ ಕೈಹಾಕಿ ಕೆಡಿಸಬಾರದೆಂದೇ ಪಟ್ಟಿಯನ್ನು ಅಷ್ಟು ಭದ್ರವಾಗಿ ಇಟ್ಟದ್ದು.

ಇದರ ಪೆಟ್ಟು ಪಂಜಾಬಿಗೂ ತಗುಲಿತು. ಅಲ್ಲಿ 1975ರಿಂದಲೂ ಪರಿಶಿಷ್ಟ ಜಾತಿಯ ಸ್ಥಾನಗಳಲ್ಲಿ ಅರ್ಧಕ್ಕೆ ಬಾಲ್ಮೀಕಿಗಳಿಗೂ ಮಜಹಬಿ ಸಿಖ್ಖರಿಗೂ ಮೊದಲ ಆದ್ಯತೆಯಿತ್ತು. ಚಿನ್ನಯ್ಯ ತೀರ್ಪನ್ನು ಅನುಸರಿಸಿ ಹೈಕೋರ್ಟು 2006ರಲ್ಲಿ ಆ ಸುತ್ತೋಲೆಯನ್ನು ತೆಗೆದುಹಾಕಿತು. ಸರ್ಕಾರ ಅದೇ ವರ್ಷ ಶಾಸನ ಮಾಡಿತು; 2010ರಲ್ಲಿ ಅದೂ ಬಿತ್ತು. ಮೇಲ್ಮನವಿ ದೆಹಲಿಗೆ ಹೋಯಿತು. 2014ರಲ್ಲಿ ಮೂವರು ಅದನ್ನು ಐವರಿಗೆ ಒಪ್ಪಿಸಿದರು. 2020ರ ಆಗಸ್ಟಿನಲ್ಲಿ ಐವರು, ಚಿನ್ನಯ್ಯ ತೀರ್ಪು ಸರಿಯಿಲ್ಲವೆಂದು ನಮಗೂ ತೋರುತ್ತದೆ, ಆದರೆ ಐವರ ಮಾತನ್ನು ನಾವು ಐವರು ಅಳಿಸಲಾರೆವು ಎಂದು ಏಳು ಜನರಿಗೆ ಕಳುಹಿಸಿದರು. ತೀರ್ಪು ತಪ್ಪೆಂದು ಐವರು ಬರೆದ ಮೇಲೂ ನಾಲ್ಕು ವರ್ಷ ಆ ತೀರ್ಪೇ ದೇಶದ ಕಾನೂನಾಗಿತ್ತು.

ಕೊನೆಗೆ ದವಿಂದರ್ ಸಿಂಗ್ ಪ್ರಕರಣದಲ್ಲಿ ಏಳರಲ್ಲಿ ಆರು ಜನ ಹೇಳಿದ್ದು ಬಹು ಸರಳವಾದ ಮಾತು. ಯಾರು ಪಟ್ಟಿಯೊಳಗಿದ್ದಾರೆಂದು 341ನೆಯ ಅನುಚ್ಛೇದ ಗುರುತಿಸುತ್ತದೆ. ಒಳಗಿರುವವರೆಲ್ಲ ಸಮಾನವಾಗಿ ಹಿಂದುಳಿದಿದ್ದಾರೆಂದು ಅದು ಹೇಳುವುದಿಲ್ಲ. ಆದ್ದರಿಂದ ರಾಜ್ಯಗಳು ಒಳವರ್ಗೀಕರಣ ಮಾಡಬಹುದು. ಆದರೆ ಅದಕ್ಕೆ ಅಂಕಿ ಅಂಶಗಳ ಆಧಾರ ಬೇಕು, ಮೀಸಲನ್ನೆಲ್ಲ ಒಂದೇ ಗುಂಪಿಗೆ ಕೊಟ್ಟುಬಿಡುವಂತಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಬೇಲಾ ತ್ರಿವೇದಿ ಹಳೆಯ ತರ್ಕವನ್ನೇ ಹಿಡಿದು ನಿಂತರು. ಐವರ ತೀರ್ಪನ್ನು ಮೂವರ ಪೀಠ ಕಾರಣ ಬರೆಯದೆ ಪ್ರಶ್ನಿಸಿ ಮೇಲಕ್ಕೆ ಕಳುಹಿಸಿದ್ದೇ ಕ್ರಮವಲ್ಲವೆಂಬ ಅವರ ಆಕ್ಷೇಪವನ್ನು ಲಘುವಾಗಿ ತಳ್ಳುವಂತಿಲ್ಲ. ಕೆನೆಪದರದ ವಿಚಾರವಾಗಿ ನಾಲ್ವರು ಬರೆದ ಮಾತುಗಳು ಬೇರೆ ಚರ್ಚೆಗೆ ಸೇರಿದವು.

ಇನ್ನು ನಾನು ಹೇಳಬೇಕೆಂದಿದ್ದ ಮಾತು. ಗಣಿಗಳ ತೀರ್ಪು ಬಂದ ಮೇಲೆ, ಹಳೆಯ ಬಾಕಿಯ ಗತಿಯೇನೆಂಬ ಪ್ರಶ್ನೆ ಎದ್ದಿತು. ಕೋರ್ಟು 2024ರ ಆಗಸ್ಟ್ 14ರಂದು ಅದಕ್ಕೂ ಒಂದು ಆದೇಶ ಮಾಡಿತು: 2005ರ ಏಪ್ರಿಲ್ 1ಕ್ಕಿಂತ ಹಿಂದಿನದನ್ನು ಕೇಳುವಂತಿಲ್ಲ, ಅಲ್ಲಿಂದೀಚಿನದನ್ನು 2026ರ ಏಪ್ರಿಲ್ 1ರಿಂದ ಹನ್ನೆರಡು ವರ್ಷಗಳಲ್ಲಿ ಕಂತುಗಳಾಗಿ ವಸೂಲು ಮಾಡಬಹುದು, ತೀರ್ಪಿನ ದಿನಕ್ಕೆ ಹಿಂದಿನ ಬಾಕಿಗೆ ಬಡ್ಡಿಯೂ ದಂಡವೂ ಇಲ್ಲ. ಹಣದ ವಿಷಯದಲ್ಲಿ ಕಡೆಯ ನ್ಯಾಯಾಲಯದ ತಪ್ಪು ತೀರ್ಪಿನ ಲೆಕ್ಕವನ್ನು ಹೀಗೆ ಹಿಂದಕ್ಕೆ ಹೋಗಿ ಚುಕ್ತಾ ಮಾಡಬಹುದು. ಒಳಮೀಸಲಾತಿಯ ಲೆಕ್ಕ ಅಂಥದಲ್ಲ. 2004ರಲ್ಲಿ ಇಪ್ಪತ್ತೆರಡು ವರ್ಷದವನಾಗಿ ಪದವಿ ಮುಗಿಸಿದ ಹುಡುಗ 2024ರಲ್ಲಿ ನಲವತ್ತೆರಡರವನು. ಅವನಿಗೆ ಬರಬೇಕಾಗಿದ್ದ ಗುಮಾಸ್ತೆಯ ಕೆಲಸವನ್ನಾಗಲಿ, ವೈದ್ಯಕೀಯ ಕಾಲೇಜಿನ ಸ್ಥಾನವನ್ನಾಗಲಿ ಹನ್ನೆರಡು ಕಂತುಗಳಲ್ಲಿ ಕೊಡುವ ಉಪಾಯ ಯಾವ ಪೀಠಕ್ಕೂ ತಿಳಿಯದು. ಹಳೆಯ ತೀರ್ಪಿಗೆ ಗೌರವ ಬೇಕೆಂಬುದನ್ನು ನಾನು ಬಲ್ಲೆ. ನ್ಯಾಯಮೂರ್ತಿಗಳು ಬದಲಾದಂತೆಲ್ಲ ಕಾನೂನು ಬದಲಾದರೆ ಯಾರೂ ಬಾಳಲಾರರು. ಆದರೆ ಸಂಶಯ ಹುಟ್ಟಿದ ದಿನದಿಂದ ದೊಡ್ಡ ಪೀಠ ಕೂರುವ ದಿನದವರೆಗಿನ ಅವಧಿಗೆ ಒಂದು ಮಿತಿ ಇರಬೇಕು. ಆ ಅವಧಿಯ ಬೆಲೆಯನ್ನು ತೆರುವವರು ಕಾಯುವ ಶಕ್ತಿ ಎಲ್ಲರಿಗಿಂತ ಕಡಿಮೆಯಿರುವವರೇ.

ತೀರ್ಪಿನ ಮೇಲೆ ತೆಲಂಗಾಣ 2025ರ ಏಪ್ರಿಲ್ 14ರಂದು, ಅಂಬೇಡ್ಕರರ ಜಯಂತಿಯ ದಿನ, ತನ್ನ ವರ್ಗೀಕರಣವನ್ನು ಜಾರಿಗೆ ತಂದಿತು. ಕರ್ನಾಟಕದಲ್ಲಿ ಒಳಮೀಸಲಾತಿಗಾಗಿ 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿದ್ದರೂ ಚಿನ್ನಯ್ಯ ತೀರ್ಪು ಅಡ್ಡವಿದ್ದುದರಿಂದ ರಾಜ್ಯ ತಾನಾಗಿ ಹಂಚುವಂತಿರಲಿಲ್ಲ. 2024ರ ನವೆಂಬರಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಬಂದಿತು. ಹೊಸ ನೇಮಕಾತಿಗಳು ಆ ಅಕ್ಟೋಬರಿನಿಂದಲೇ ತಡೆದು ನಿಂತಿದ್ದವು. ಆಯೋಗ ಐದು ಗುಂಪುಗಳನ್ನು ಸೂಚಿಸಿತ್ತು. 2025ರ ಆಗಸ್ಟಿನಲ್ಲಿ ಸಚಿವ ಸಂಪುಟ ಅವನ್ನು ಮೂರು ಮಾಡಿ, ಶೇಕಡಾ 17ನ್ನು 6, 6, 5 ಎಂದು ಹಂಚಿತು. ತಮಗೆ ಪ್ರತ್ಯೇಕವಾಗಿ ಸೂಚಿಸಿದ್ದ ಶೇಕಡಾ 1 ಕೈತಪ್ಪಿತೆಂದು ಅಲೆಮಾರಿ ಸಮುದಾಯಗಳು ಬೀದಿಗಿಳಿದವು. ಕಾದು ಕುಳಿತ ಉದ್ಯೋಗಾಕಾಂಕ್ಷಿಗಳಿಗೆ ಸರ್ಕಾರ ಒಂದು ಬಾರಿಗೆಂದು ವಯೋಮಿತಿಯನ್ನು ಸಡಿಲಿಸಿತು. ಅದು ನೇಮಕಾತಿ ನಿಂತಿದ್ದ ತಿಂಗಳುಗಳಿಗೆ ಪರಿಹಾರ. 2004ರಿಂದ ಕಾದವರು ಆ ಲೆಕ್ಕದಲ್ಲಿ ಬರುವುದಿಲ್ಲ.