ಮುಂಬೈಯಲ್ಲಿ ಹುಟ್ಟಿದ ತೇಗದ ಹಡಗು

ಎಚ್‌ಎಂಎಸ್ ಟ್ರಿಂಕೋಮಲಿ 1817ರ ಅಕ್ಟೋಬರ್ 12ರಂದು ಬಾಂಬೆ ಡಾಕ್‌ಯಾರ್ಡ್‌ನಲ್ಲಿ ನೀರಿಗಿಳಿದ, ಬ್ರಿಟಿಷ್ ನೌಕಾಪಡೆಯ ಹಾಯಿ ಯುದ್ಧನೌಕೆ. ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ. ಮರ, ಮಲಬಾರಿನ ತೇಗ. ತೇಗವೇ ಏಕೆ? ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದ ಎಣ್ಣೆ ಅದೇ ಮೊಳೆಯನ್ನು ಕಾಯುತ್ತದೆ.

ತಮಾಷೆಯೆಂದರೆ, ಹಡಗು ಸಿದ್ಧವಾಗುವಷ್ಟರಲ್ಲಿ ನೆಪೋಲಿಯನ್ ಯುದ್ಧಗಳೇ ಮುಗಿದಿದ್ದವು! 1819ರಲ್ಲಿ ಪೋರ್ಟ್ಸ್‌ಮತ್ ಸೇರಿ ಕಾಲು ಶತಮಾನ ಸುಮ್ಮನೆ ನಿಂತಿತು. ಕೆಲಸಕ್ಕೆ ಹೊರಟದ್ದು 1847ರಲ್ಲಿ: ಮೊದಲು ಉತ್ತರ ಅಮೆರಿಕ, ವೆಸ್ಟ್ ಇಂಡೀಸ್, 1852ರಿಂದ 1857ರವರೆಗೆ ಪೆಸಿಫಿಕ್. ಆಮೇಲೆ ತರಬೇತಿ ನೌಕೆ.

1897ರಲ್ಲಿ ಗುಜರಿಗೆ ಮಾರಿದ್ದನ್ನು ವೀಟ್ಲಿ ಕಾಬ್ ಎಂಬವರು ಕೊಂಡು, ಫುಡ್ರಾಯಂ ಎಂದು ಹೆಸರಿಟ್ಟರು. 1986ರವರೆಗೂ ಅದು ಎಳೆಯರಿಗೆ ಕಡಲ ಪಾಠಶಾಲೆ. ದುರಸ್ತಿಯಾಗಿ ಹಳೆಯ ಹೆಸರು ಮರಳಿ ಪಡೆದ ಹಡಗು ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿದೆ; ಇನ್ನೂ ನೀರಿನ ಮೇಲೆಯೇ ತೇಲುತ್ತಿದೆ.