ಬಗ್ದಾದಿನ ತಾಯಂದಿರು, ಅಮೇರಿಕದ ತಾಯಂದಿರು

ಬಗ್ದಾದ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ, ಸಹೋದರಿಯರೇ. ಮದ್ರಸದ ಸಣ್ಣ ತರಗತಿಯ ಮಕ್ಕಳಿಗೂ ಆ ಕಥೆ ಗೊತ್ತು. ಓದಲೆಂದು ಬಗ್ದಾದಿಗೆ ಹೊರಟ ಮಗನ ಅಂಗಿಯೊಳಗೆ ತಾಯಿ ನಲವತ್ತು ದೀನಾರುಗಳನ್ನಿಟ್ಟು ಹೊಲಿಯುತ್ತಾಳೆ. ಏನೇ ಬಂದರೂ ಸುಳ್ಳು ಹೇಳಬಾರದೆಂದು ಅವನಿಂದ ಮಾತು ಪಡೆಯುತ್ತಾಳೆ. ದಾರಿಯಲ್ಲಿ ದರೋಡೆಕೋರರು ಅಡ್ಡಗಟ್ಟಿ ಕೇಳಿದಾಗ ಹುಡುಗ ಹಣವಿದೆಯೆಂದು ನಿಜವನ್ನೇ ಹೇಳುತ್ತಾನೆ. ಆ ಹುಡುಗನೇ ಶೈಖ್ ಅಬ್ದುಲ್ ಖಾದಿರ್ ಜೀಲಾನಿ(ರ). ಅವರ ಸಮಾಧಿ ಬಗ್ದಾದಿನಲ್ಲಿದೆ. ಇಮಾಮ್ ಅಬೂ ಹನೀಫಾ(ರ) ಅವರು ವಿಶ್ರಮಿಸಿರುವುದೂ ಅದೇ ನಗರದಲ್ಲಿ.

ಆ ಬಗ್ದಾದಿಗೆ 2003ರ ಮಾರ್ಚ್ ತಿಂಗಳಲ್ಲಿ ಒಂದು ದೊಡ್ಡ ಸೇನೆ ಹೊರಟಿತು. ಅದನ್ನು ಕಳಿಸಿದವರು ತಮ್ಮ ಜನರಿಗೂ ಜಗತ್ತಿಗೂ ಹೇಳಿದ ಕಾರಣ ನಿಜವಾಗಿರಲಿಲ್ಲ.

ಆ ವರ್ಷ ಫೆಬ್ರವರಿ 5ರಂದು ಅಮೇರಿಕದ ಅಂದಿನ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕುಳಿತು, ಸದ್ದಾಮ್ ಹುಸೇನ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದರು. ಲಾರಿಗಳ ಮೇಲೆ ಸಂಚರಿಸುವ ರೋಗಾಣು ಕಾರ್ಖಾನೆಗಳ ಚಿತ್ರವನ್ನೂ ತೋರಿಸಿದರು. ಈ ಲಾರಿಗಳ ಕಥೆ ಹೇಳಿದವನು ಜರ್ಮನಿಗೆ ಓಡಿಹೋಗಿದ್ದ ಒಬ್ಬ ಇರಾಕಿ. ಬೇಹುಗಾರರು ಅವನಿಗಿಟ್ಟ ಗುಪ್ತನಾಮ 'ಕರ್ವ್‌ಬಾಲ್'. ತಾನು ಹೇಳಿದ್ದು ಸುಳ್ಳೆಂದು 2011ರಲ್ಲಿ ಅವನೇ ಪತ್ರಿಕೆಯೊಂದಕ್ಕೆ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಯುದ್ಧಕ್ಕೆ ಎಂಟು ವರ್ಷ. ಅಮೇರಿಕ ತಾನೇ ನೇಮಿಸಿದ ತನಿಖಾ ತಂಡವೂ 2004ರಲ್ಲಿ ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ಕೊಟ್ಟಿತ್ತು. ವಿಶ್ವಸಂಸ್ಥೆಯ ತನಿಖಾಧಿಕಾರಿ ಹ್ಯಾನ್ಸ್ ಬ್ಲಿಕ್ಸ್ ಯುದ್ಧಕ್ಕೆ ಮೊದಲು ಇನ್ನೂ ಕೆಲವು ತಿಂಗಳ ಕಾಲಾವಕಾಶ ಕೇಳಿದ್ದರು. ಕೊಡಲಿಲ್ಲ.

ಸೂರಃ ಅಲ್ ಹುಜುರಾತ್‌ನ ಆರನೇ ಸೂಕ್ತ ನಿಮಗೆ ಗೊತ್ತಿರುವಂಥದ್ದೇ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಿ ಎಂಬುದು ಅದರ ತಾತ್ಪರ್ಯ. ನಾವು ಅದನ್ನು ಹೆಚ್ಚಾಗಿ ನೆರೆಮನೆಯ ಚಾಡಿಮಾತಿಗೆ ಹೊಂದಿಸಿಕೊಳ್ಳುತ್ತೇವೆ. ಅದೂ ಸರಿಯೇ. ಆದರೆ ಆ ಸೂಕ್ತ ಅವತೀರ್ಣಗೊಂಡ ಸಂದರ್ಭವಾಗಿ ತಫ್ಸೀರ್ ಗ್ರಂಥಗಳು ಹೇಳುವುದು ಚಾಡಿಯನ್ನಲ್ಲ, ಯುದ್ಧವನ್ನು. ಬನೂ ಮುಸ್ತಲಿಖ್ ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದ್ದಾರೆ, ಕೊಲ್ಲಲು ಬಂದಿದ್ದಾರೆ ಎಂಬ ಸುದ್ದಿ ಮದೀನಾಕ್ಕೆ ಬಂತು. ಸೇನೆ ಕಳಿಸುವ ಮಾತು ನಡೆಯಿತು. ವಿಚಾರಿಸಿದಾಗ ಆ ಜನರು ಝಕಾತ್‌ನೊಂದಿಗೆ ಕಾದಿದ್ದರೆಂದು ತಿಳಿಯಿತು. ತಿಳಿಯದೆ ಒಂದು ಜನತೆಗೆ ಹಾನಿ ಮಾಡಿ ನಂತರ ಪಶ್ಚಾತ್ತಾಪ ಪಡುವ ವಿಷಯ ಅದೇ ಸೂಕ್ತದಲ್ಲಿದೆ. ಇರಾಕ್ ವಿಷಯದಲ್ಲಿ ಹಾನಿ ಪೂರ್ತಿಯಾಯಿತು. ಪಶ್ಚಾತ್ತಾಪ ಎಷ್ಟಾಯಿತೋ ಅಲ್ಲಾಹನೇ ಬಲ್ಲ.

ಹಾಗೆಂದು ಸದ್ದಾಮ್ ಹುಸೇನರನ್ನು ವೀರನೆಂದು ಕೊಂಡಾಡುವುದು ಬೇಡ. ನಮ್ಮ ಕೆಲವು ಮನೆಗಳಲ್ಲಿ ಆ ರೂಢಿಯಿತ್ತು. 1988ರ ಮಾರ್ಚ್‌ನಲ್ಲಿ ಹಲಬ್ಜಾ ಎಂಬ ಕುರ್ದಿಷ್ ಪಟ್ಟಣದ ಮೇಲೆ ಅವರ ಸೇನೆ ವಿಷಾನಿಲ ಸುರಿದು ಸಾವಿರಾರು ಮಂದಿಯನ್ನು ಕೊಂದಿತು. ಸತ್ತವರು ಮುಸ್ಲಿಮರು, ಕೊಂದವರೂ ಮುಸ್ಲಿಮರು. 1990ರಲ್ಲಿ ಅವರು ಕುವೈತನ್ನು ನುಂಗಿದಾಗ ಅಲ್ಲಿ ದುಡಿಯುತ್ತಿದ್ದ ನಮ್ಮವರು ಉಟ್ಟ ಬಟ್ಟೆಯಲ್ಲಿ ಜೋರ್ಡಾನಿನವರೆಗೆ ಬಂದು ವಿಮಾನ ಹತ್ತಿದರು. ಭಾರತ ಸರಕಾರ ಆಗ ಸುಮಾರು 1 ಲಕ್ಷ 70 ಸಾವಿರ ಜನರನ್ನು ಕರೆತಂದಿತು. ಅವರಲ್ಲಿ ಕರಾವಳಿಯ ಕುಟುಂಬಗಳೂ ಇದ್ದವು. ಆದರೆ ಇದೇ ಸದ್ದಾಮ್ ಇರಾನ್ ವಿರುದ್ಧ ಹೋರಾಡುತ್ತಿದ್ದಾಗ, 1983ರ ಡಿಸೆಂಬರ್‌ನಲ್ಲಿ ಅಮೇರಿಕದ ದೂತನಾಗಿ ಬಗ್ದಾದಿಗೆ ಬಂದು ಕೈ ಕುಲುಕಿದವರು ಡೊನಾಲ್ಡ್ ರಮ್ಸ್‌ಫೆಲ್ಡ್. 2003ರಲ್ಲಿ ಯುದ್ಧ ನಡೆಸಿದ ರಕ್ಷಣಾ ಸಚಿವರೂ ಅವರೇ. ಅಂದು ಕಾಣದ ಕ್ರೌರ್ಯ ಇಪ್ಪತ್ತು ವರ್ಷಗಳ ನಂತರ ಕಂಡಿತು.

ಬಗ್ದಾದ್ ಬೀಳಲು ಮೂರು ವಾರ ಸಾಕಾಯಿತು. ಏಪ್ರಿಲ್ 9ಕ್ಕೆ ನಗರ ಅಮೇರಿಕನ್ನರ ಕೈಯಲ್ಲಿತ್ತು. ಮರುದಿನದಿಂದಲೇ ಲೂಟಿ. ಸಾವಿರಾರು ವರ್ಷಗಳ ವಸ್ತುಗಳಿದ್ದ ವಸ್ತು ಸಂಗ್ರಹಾಲಯ ಲೂಟಿಯಾಯಿತು, ರಾಷ್ಟ್ರೀಯ ಗ್ರಂಥಾಲಯ ಸುಟ್ಟಿತು. ತೈಲ ಸಚಿವಾಲಯದ ಮುಂದೆ ಮಾತ್ರ ಅಮೇರಿಕನ್ ಸೈನಿಕರ ಕಾವಲಿತ್ತು. ಮೇ 1ರಂದು ಅಧ್ಯಕ್ಷ ಬುಷ್ ಯುದ್ಧನೌಕೆಯ ಮೇಲೆ ನಿಂತು ಪ್ರಮುಖ ಕಾರ್ಯಾಚರಣೆ ಮುಗಿಯಿತೆಂದು ಸಾರಿದರು. ಅದೇ ತಿಂಗಳಲ್ಲಿ ಅವರ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಗಂಡಸರು ಒಂದೇ ಆಜ್ಞೆಯಿಂದ ಸಂಬಳವಿಲ್ಲದೆ, ಆದರೆ ಬಂದೂಕು ಸಮೇತ, ಮನೆಗೆ ಬಂದರು. ಮೂರು ವಾರದಲ್ಲಿ ಗೆದ್ದ ಯುದ್ಧ ಎಂಟು ವರ್ಷಕ್ಕೂ ಮುಗಿಯದಿದ್ದುದಕ್ಕೆ ಇದೊಂದು ದೊಡ್ಡ ಕಾರಣ.

ಈಗ ಆ ಮನೆಗಳೊಳಗಿನ ವಿಷಯಕ್ಕೆ ಬನ್ನಿ. ಪತ್ರಿಕಾ ವರದಿಗಳನ್ನು ಒಟ್ಟುಗೂಡಿಸಿ ಲೆಕ್ಕವಿಡುವ 'ಇರಾಕ್ ಬಾಡಿ ಕೌಂಟ್' ಎಂಬ ಸಂಸ್ಥೆಯ ಪ್ರಕಾರ 2011ರ ಕೊನೆಯವರೆಗೆ ಹಿಂಸೆಗೆ ಬಲಿಯಾದ ನಾಗರಿಕರು ಒಂದು ಲಕ್ಷಕ್ಕೂ ಹೆಚ್ಚು. ಇದು ವರದಿಯಾದವರ ಲೆಕ್ಕ ಮಾತ್ರ. ಇದ್ದತ್ ಕುಳಿತುಕೊಳ್ಳಲು ಮನೆಯೇ ಉಳಿಯದ ಹೆಣ್ಣುಮಕ್ಕಳು ಎಷ್ಟೋ. ಅವರಿಗಿಂತಲೂ ಕಷ್ಟ ಇನ್ನೊಂದು ವರ್ಗದವರದು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದ, ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರು ಕಾಣೆಯಾಗಿರುವ ದೇಶಗಳಲ್ಲಿ ಇರಾಕ್ ಒಂದು. ಫಿಕ್ಹ್ ಗ್ರಂಥಗಳಲ್ಲಿ ಇಂತಹ ಗಂಡನಿಗೆ 'ಮಫ್ಖೂದ್' ಎನ್ನುತ್ತಾರೆ. ಅವನ ಹೆಂಡತಿ ಎಷ್ಟು ಕಾಲ ಕಾಯಬೇಕೆಂಬ ವಿಷಯದಲ್ಲಿ ಇಮಾಮರುಗಳಲ್ಲಿ ಭಿನ್ನಾಭಿಪ್ರಾಯವಿದೆ. ಮಾಲಿಕೀ ಮದ್‌ಹಬ್‌ನಲ್ಲಿ ನಾಲ್ಕು ವರ್ಷ. ಮದ್ರಸದಲ್ಲಿ ಆ ಅಧ್ಯಾಯವನ್ನು ಬಾಯಿಪಾಠ ಮಾಡಿ ಮುಂದೆ ಹೋಗುವ ವಿದ್ಯಾರ್ಥಿಗಳಿಗೆ, ಒಂದು ದೇಶದ ಹೆಂಗಸರು ಅದನ್ನು ಬದುಕಬೇಕಾಗಿ ಬಂದೀತೆಂಬ ಕಲ್ಪನೆ ಇರುವುದಿಲ್ಲ.

2005ರ ನವೆಂಬರ್ 19ರಂದು ಹದೀಸಾ ಪಟ್ಟಣದಲ್ಲಿ ರಸ್ತೆಬದಿಯ ಬಾಂಬಿಗೆ ಒಬ್ಬ ಅಮೇರಿಕನ್ ಸೈನಿಕ ಬಲಿಯಾದ. ಅವನ ಜೊತೆಗಾರರು ಪಕ್ಕದ ಮನೆಗಳಿಗೆ ನುಗ್ಗಿದರು. ಹೆಂಗಸರು, ಮಕ್ಕಳು ಸೇರಿ 24 ಮಂದಿ ಕೊಲ್ಲಲ್ಪಟ್ಟರು. ಬಾಂಬಿನಿಂದಲೇ ನಾಗರಿಕರು ಸತ್ತರೆಂದು ಸೇನೆ ಮೊದಲು ಹೇಳಿತು. ಸ್ಥಳೀಯನೊಬ್ಬ ತೆಗೆದ ವೀಡಿಯೋದಿಂದ ನಿಜ ಹೊರಬಂತು. ಕೊನೆಗೆ ಯಾರೂ ಒಂದು ದಿನವೂ ಆ ಕೊಲೆಗಳಿಗಾಗಿ ಜೈಲು ಶಿಕ್ಷೆ ಅನುಭವಿಸಲಿಲ್ಲ.

ಇದನ್ನೆಲ್ಲ ಓದಿದಾಗ ಅಮೇರಿಕನ್ನರೆಲ್ಲರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದು ಕೂಡ ನಮ್ಮ ಧರ್ಮದ ಆಜ್ಞೆಯೇ. ಯುದ್ಧ ಆರಂಭವಾಗುವ ಮೊದಲೇ, 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷಗಟ್ಟಲೆ ಜನರು ಬೀದಿಗಿಳಿದಿದ್ದರು. ನ್ಯೂಯಾರ್ಕ್, ಲಂಡನ್, ರೋಮ್ ನಗರಗಳ ಆ ಗುಂಪಿನಲ್ಲಿ ಹೆಚ್ಚಿನವರು ಮುಸ್ಲಿಮರಾಗಿರಲಿಲ್ಲ. ನಮ್ಮ ಲೋಕಸಭೆಯೂ ಏಪ್ರಿಲ್‌ನಲ್ಲಿ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತು. ಭಾರತದ ಸೈನಿಕರನ್ನು ಕಳಿಸಿಕೊಡಿ ಎಂಬ ಅಮೇರಿಕದ ಕೋರಿಕೆಯನ್ನು ವಾಜಪೇಯಿ ಸರಕಾರ ಜುಲೈ 14ರಂದು ಒಪ್ಪಲಿಲ್ಲ. ನಮ್ಮ ತಾಯಂದಿರ ಮಕ್ಕಳು ಆ ಮರಳಿನಲ್ಲಿ ಸಾಯದೆ ಉಳಿದದ್ದು ಆ ಒಂದು ತೀರ್ಮಾನದಿಂದ.

ಸಿಂಡಿ ಶೀಹಾನ್ ಎಂಬ ತಾಯಿಯ ಹೆಸರು ನೀವು ಕೇಳಿರಬಹುದು. ಅವರ ಮಗ ಕೇಸಿ 2004ರ ಏಪ್ರಿಲ್ 4ರಂದು ಬಗ್ದಾದಿನ ಸದ್ರ್ ಸಿಟಿಯಲ್ಲಿ ಸತ್ತ. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಬುಷ್ ರಜೆ ಕಳೆಯುತ್ತಿದ್ದ ಟೆಕ್ಸಾಸಿನ ಕ್ರಾಫರ್ಡ್ ಎಂಬ ಊರಿನ ರಸ್ತೆಬದಿಯಲ್ಲಿ ಆಕೆ ಡೇರೆ ಹಾಕಿ ಕುಳಿತರು. ಕೇಳಬೇಕಾಗಿದ್ದುದು ಒಂದೇ: ನನ್ನ ಮಗ ಯಾವ ಉದಾತ್ತ ಉದ್ದೇಶಕ್ಕಾಗಿ ಸತ್ತ? ಅಧ್ಯಕ್ಷರು ಹೊರಬಂದು ಮಾತಾಡಲಿಲ್ಲ. ಆದರೆ ಮಕ್ಕಳನ್ನು ಕಳಕೊಂಡ ಬೇರೆ ತಾಯಂದಿರು ಬಂದು ಪಕ್ಕದಲ್ಲಿ ಕುಳಿತರು. ಆಕೆಯನ್ನು ದೇಶದ್ರೋಹಿ ಎಂದವರೂ ಇದ್ದರು. ಎಲ್ಲ ದೇಶಗಳಲ್ಲೂ ಆ ಮಾತು ಸುಲಭವಾಗಿ ಸಿಗುತ್ತದೆ.

ಸತ್ತ ಸೈನಿಕರ ಶವಪೆಟ್ಟಿಗೆಗಳು ಸ್ವದೇಶಕ್ಕೆ ಬಂದಿಳಿಯುವ ಚಿತ್ರ ತೆಗೆಯುವುದನ್ನು ಅಮೇರಿಕದ ಸರಕಾರ ನಿಷೇಧಿಸಿತ್ತು. 1991ರಿಂದ ಇದ್ದ ಆ ನಿಷೇಧ ತೆರವಾದದ್ದು 2009ರಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಕಡ್ಡಾಯ ಸೇನಾ ಭರ್ತಿ ಇದ್ದುದರಿಂದ ಯುದ್ಧದ ಬಿಸಿ ಬಹಳ ಮನೆಗಳಿಗೆ ತಟ್ಟಿತ್ತು. 1973ರಲ್ಲಿ ಆ ಭರ್ತಿ ನಿಂತಿತು. ಇರಾಕ್ ಯುದ್ಧಕ್ಕೆ ಹೋದವರು ತಾವಾಗಿ ಸೇನೆ ಸೇರಿದವರು. ಉಳಿದವರ ಮನೆಯಲ್ಲಿ ಟಿವಿ ಆರಿಸಿದರೆ ಯುದ್ಧವೂ ಆರುತ್ತಿತ್ತು. ಹಾಗಿದ್ದೂ ಆರಂಭದಲ್ಲಿ ಹತ್ತರಲ್ಲಿ ಏಳು ಮಂದಿ ಬೆಂಬಲಿಸಿದ್ದ ಯುದ್ಧವನ್ನು ಮೂರು ನಾಲ್ಕು ವರ್ಷಗಳಲ್ಲಿ ಹೆಚ್ಚಿನವರು ತಪ್ಪೆಂದರು. 2006ರ ನವೆಂಬರ್ ಚುನಾವಣೆಯಲ್ಲಿ ಬುಷ್ ಪಕ್ಷ ಸೋತಿತು. ಮರುದಿನವೇ ರಮ್ಸ್‌ಫೆಲ್ಡ್ ನಿರ್ಗಮನದ ಘೋಷಣೆಯಾಯಿತು. ಆದರೂ 2007ರಲ್ಲಿ ಇನ್ನೂ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಲಾಯಿತು. ಕೊನೆಯ ತುಕಡಿ ಹೊರಟದ್ದು 2011ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಸುಮಾರು 4,500 ಅಮೇರಿಕನ್ ಸೈನಿಕರು ಸತ್ತಿದ್ದರು.

ನಾವು ಹೇಳಲು ಹಿಂಜರಿಯುವ ಮಾತೊಂದಿದೆ. 2006ರ ಫೆಬ್ರವರಿಯಲ್ಲಿ ಸಾಮರ್‍ರಾದ ಶಿಯಾ ಪವಿತ್ರ ಕ್ಷೇತ್ರದ ಗುಮ್ಮಟವನ್ನು ಸ್ಫೋಟಿಸಿದವರು ಅಮೇರಿಕನ್ನರಲ್ಲ. ಆ ನಂತರ ಸುನ್ನಿ ಹೆಸರಿನವರನ್ನು ಶಿಯಾಗಳು, ಶಿಯಾ ಹೆಸರಿನವರನ್ನು ಸುನ್ನಿಗಳು ಹುಡುಕಿ ಕೊಂದರು. ಒಂದೇ ಬೀದಿಯಲ್ಲಿ ಬದುಕಿದ್ದವರು, ಹೆಣ್ಣು ಕೊಟ್ಟು ತಂದುಕೊಂಡವರು. ಬಾಗಿಲು ಒಡೆದು ಬೆಂಕಿಗೆ ದಾರಿ ಮಾಡಿದವನು ಪರದೇಶಿ ಇರಬಹುದು, ಸೌದೆ ಹೊತ್ತು ತಂದವರು ನಮ್ಮವರು. 2007ರ ಮೇ ತಿಂಗಳಲ್ಲಿ ಶೈಖ್ ಜೀಲಾನಿ(ರ) ಅವರ ಮಸೀದಿಯ ಬಳಿಯೂ ಬಾಂಬು ಸಿಡಿಯಿತು. ಅದೇ ವರ್ಷದ ಹೊತ್ತಿಗೆ ಸುಮಾರು 20 ಲಕ್ಷ ಇರಾಕಿಗಳು ದೇಶ ಬಿಟ್ಟಿದ್ದರು. ಬಹಳಷ್ಟು ಮಂದಿ ಸೇರಿದ್ದು ಸಿರಿಯಾವನ್ನು. ಮುಂದೆ ಆ ದೇಶವೂ ಹೊತ್ತಿಕೊಂಡಿತು.

ಸೈನಿಕರು ಹೊರಟ ಮೇಲೂ ಕಥೆ ಮುಗಿಯಲಿಲ್ಲ. 2014ರ ಜೂನ್‌ನಲ್ಲಿ ಐಸಿಸ್ ಮೋಸುಲ್ ನಗರವನ್ನು ಹಿಡಿಯಿತು, ಅಮೇರಿಕದ ವಿಮಾನಗಳು ಮರಳಿ ಬಂದವು. ತಿಕ್ರೀತ್‌ನ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಿದ್ದ ಭಾರತದ 46 ನರ್ಸ್‌ಗಳು ಜುಲೈನಲ್ಲಿ ಸುರಕ್ಷಿತವಾಗಿ ಊರು ತಲುಪಿದರು. ಮೋಸುಲ್‌ನಲ್ಲಿ ಅಪಹೃತರಾದ 39 ಭಾರತೀಯ ಕೂಲಿಕಾರರ ಮನೆಯವರಿಗೆ ಮಾತ್ರ 2018ರವರೆಗೂ ನಿಜ ಗೊತ್ತಾಗಲಿಲ್ಲ. ಅವರೆಲ್ಲ ಎಂದೋ ಸತ್ತಿದ್ದರು.

ಬಗ್ದಾದಿನಲ್ಲಿ ಮುತನಬ್ಬಿ ಎಂಬ ಹೆಸರಿನ ಬೀದಿಯೊಂದಿದೆ. ಹಳೆಯ ಅರಬೀ ಕವಿಯ ಹೆಸರು. ಬೀದಿಯುದ್ದಕ್ಕೂ ಪುಸ್ತಕದಂಗಡಿಗಳು, ಮಧ್ಯೆ ಹಳೆಯದೊಂದು ಚಹಾದಂಗಡಿ. 2007ರ ಮಾರ್ಚ್ 5ರಂದು ಅಲ್ಲಿ ಕಾರು ಬಾಂಬು ಸಿಡಿಯಿತು. ಚಹಾದಂಗಡಿಯ ಯಜಮಾನರ ನಾಲ್ವರು ಗಂಡುಮಕ್ಕಳೂ ಒಬ್ಬ ಮೊಮ್ಮಗನೂ ಹೋದರು. ಮರುವರ್ಷದ ಕೊನೆಗೆ ಬೀದಿಯನ್ನು ದುರಸ್ತಿ ಮಾಡಿ ತೆರೆದರು. ಆ ಹಿರಿಯರು ಅಂಗಡಿಯನ್ನು ಮತ್ತೆ ಕಟ್ಟಿ, ಮಕ್ಕಳ ಭಾವಚಿತ್ರಗಳನ್ನು ಗೋಡೆಗೆ ಹಾಕಿ, ಗಲ್ಲಾದ ಬಳಿ ಬಂದು ಕುಳಿತರು. ಶುಕ್ರವಾರಗಳಂದು ವ್ಯಾಪಾರಿಗಳು ಪುಸ್ತಕಗಳನ್ನು ರಸ್ತೆಯ ಮೇಲೆಯೇ ಹರಡಿಕೊಂಡು ಕುಳಿತುಕೊಳ್ಳುತ್ತಾರೆ.