ನೀರಿಗೆ ದಾರಿ ಬಿಟ್ಟರೆ ಸುರಂಗ ಉಳಿದೀತು

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ರೈಲೇ ಇಲ್ಲ. ಸುರಂಗ ಎಂದರೆ ನಮಗೆ ನೆನಪಾಗುವುದು ಲೋಂಡಾ ಆಚೆಯ ಕ್ಯಾಸಲ್‌ರಾಕ್ ಘಟ್ಟ. 1880ರ ದಶಕದ ಆ ಮಾರ್ಗದಲ್ಲಿ ಇವತ್ತಿಗೂ ಗಾಡಿಗಳು ಓಡುತ್ತವೆ. ವರ್ಷಗಟ್ಟಲೆ ಗಾಡಿ ಕಾಣದೆ ಬಿದ್ದಿದ್ದ ಸುರಂಗಗಳ ಕಥೆ ಬೇಕೆಂದರೆ ಸಕಲೇಶಪುರಕ್ಕೆ ಹೋಗಬೇಕು.

ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. 1979ರ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಸಂಚಾರ ನಿಲ್ಲಿಸಿದರು. ಸರಕು ಗಾಡಿ ಮತ್ತೆ ಬಂದದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಕೊನೆಗೆ. ನಡುವೆ ಅದು ಚಾರಣಿಗರ ದಾರಿಯಾಗಿತ್ತು.

ಗಾಡಿ ನಿಂತರೆ ಸುರಂಗಕ್ಕೆ ವಿಶ್ರಾಂತಿ ಸಿಕ್ಕಿತು ಎಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಹಳಿ ಪಕ್ಕದ ಗಟಾರ ತೆಗೆಯುವ ಗ್ಯಾಂಗ್‌ಮನ್‌ಗಳು ಬರುವುದಿಲ್ಲ. ಎಲೆ, ಮಣ್ಣು ತುಂಬಿ ಗಟಾರ ಕಟ್ಟಿಕೊಳ್ಳುತ್ತದೆ. ಮಲೆನಾಡಿನ ಮಳೆ ಬಂಡೆಯ ಸೀಳುಗಳಲ್ಲಿ ಇಳಿದು ಕಾಂಕ್ರೀಟ್ ಗೋಡೆಯ ಹಿಂದೆ ನಿಲ್ಲುತ್ತದೆ. ಹತ್ತು ಮೀಟರ್ ಎತ್ತರಕ್ಕೆ ನಿಂತ ನೀರು ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರ್ ಮೇಲೆ ಸುಮಾರು 10 ಟನ್ ಭಾರ ಹಾಕುತ್ತದೆ. ಜೊತೆಗೆ ಸಿಮೆಂಟಿನ ಸುಣ್ಣವನ್ನೂ ಕರಗಿಸಿ ತರುತ್ತದೆ. ಹಳೆ ಸುರಂಗದ ಗೋಡೆಯಲ್ಲಿ ಇಳಿಬಿದ್ದ ಬಿಳಿ ಗೆರೆಗಳು ಅದೇ.

ತಪಾಸಣೆಗೆ ಈಗ ಲೇಸರ್ ಸ್ಕ್ಯಾನರ್ ಬಂದಿದೆ, ನೆಲದೊಳಗೆ ಇಣುಕುವ ರೇಡಾರ್ ಇದೆ. ಆದರೂ ಸುತ್ತಿಗೆ ಮನೆಗೆ ಹೋಗಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಾರಿಸಿ ನೋಡುವ ಹಾಗೆ ಗೋಡೆಯನ್ನು ಬಾರಿಸುತ್ತಾರೆ: ಗಟ್ಟಿ ಇದ್ದರೆ ‘ಟಣ್’, ಹಿಂದೆ ಪೊಳ್ಳಿದ್ದರೆ ‘ಡಬ್’. ಬಿರುಕು ಕಂಡರೆ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದಿಡುವುದುಂಟು. ಕೆಲವು ತಿಂಗಳ ಮೇಲೆ ಗಾಜು ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಲೆಕ್ಕ. ಅಗ್ಗದ ಉಪಾಯ, ಆದರೆ ಸುಳ್ಳು ಹೇಳುವುದು ಕಡಿಮೆ.

ರಿಪೇರಿ ಎಂದರೆ ಸೋರುವಲ್ಲೆಲ್ಲ ಸಿಮೆಂಟ್ ಮೆತ್ತುವುದಲ್ಲ. ಹಾಗೆ ಮಾಡಿದರೆ ನೀರು ಇನ್ನಷ್ಟು ಎತ್ತರಕ್ಕೆ ನಿಲ್ಲುತ್ತದೆ. ಮೊದಲು ಗೋಡೆಗೆ ತೂತು ಕೊರೆದು ನೀರನ್ನು ಗಟಾರಕ್ಕೆ ಇಳಿಸಬೇಕು. ಆಮೇಲೆ ಪೊಳ್ಳಿಗೆ ಸಿಮೆಂಟ್ ಹಾಲು ತುಂಬುವುದು, ಸಡಿಲ ಬಂಡೆಗೆ ಉಕ್ಕಿನ ಬೋಲ್ಟ್ ಹೊಡೆಯುವುದು, ಜಾಲರಿ ಕಟ್ಟಿ ಅದರ ಮೇಲೆ ಕಾಂಕ್ರೀಟ್ ಸಿಂಪಡಿಸುವುದು. ಆದರೆ ಈ ಹೊಸ ಪದರ ಸುರಂಗದ ಒಳ ಅಳತೆಯನ್ನೇ ತಿನ್ನುತ್ತದೆ. ಮೇಲೆ ವಿದ್ಯುತ್ ತಂತಿಯೂ ಬರುವುದಿದ್ದರೆ ಒಂದೊಂದು ಸೆಂಟಿಮೀಟರಿಗೂ ಚೌಕಾಸಿ. ಜಾಗ ಸಾಲದಿದ್ದರೆ ನೆಲ ಅಗೆದು ಹಳಿಯನ್ನೇ ತಗ್ಗಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗುಡ್ಡ ತನ್ನ ಪಾಡಿಗೆ ತಾನಿರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ ಘಟ್ಟದ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ಈ ಮಾರ್ಗ ಹಲವು ದಿನ ಬಂದ್ ಆಯಿತು. ಹಾಗಾಗಿ ಸುರಂಗದ ತಪಾಸಣೆ ಎಂದರೆ ಒಳಗಿನ ಗೋಡೆ ಮಾತ್ರವಲ್ಲ: ನೆತ್ತಿಯ ಮೇಲಿನ ಗುಡ್ಡ ಹತ್ತಿ ವಾಲಿದ ಮರ, ಹೊಸ ಬಿರುಕು, ಕಟ್ಟಿಕೊಂಡ ಕಾಲುವೆಗಳನ್ನೂ ಮಳೆಗಾಲಕ್ಕೆ ಮುಂಚೆ ನೋಡಿ ಬರಬೇಕು.